ಮಾನಿಟರ್ ನೋಡಿ, ಅದಕ್ಕಿಂತ ಮೊದಲು ಕೂಸನ್ನು ನೋಡಿ: ಮಕ್ಕಳ ವಾರ್ಡಿನ ನರ್ಸ್‌ಗಳಿಗೊಂದು ಸಮಗ್ರ ಮಾರ್ಗದರ್ಶಿ

ಮೇ ತಿಂಗಳ ಒಂದು ರಾತ್ರಿ ಪಾಳಿ. ಜೇವರ್ಗಿ ಕಡೆಯ ಹಳ್ಳಿಯಿಂದ 11 ತಿಂಗಳ ಕೂಸು ಬಂದಿತ್ತು. ಕೆಮ್ಮು, ಜ್ವರ. ಮಾನಿಟರ್ ಹಚ್ಚಿದೆ. ಆಮ್ಲಜನಕ 95, ಉಸಿರಾಟ 38. ಅಲಾರಾಂ ಏನೂ ಇಲ್ಲ. ಅದನ್ನೇ ಕೇಸ್ ಶೀಟಿನಲ್ಲಿ ಬರೆದು ಮುಂದಿನ ಹಾಸಿಗೆಗೆ ಹೋದೆ. ಅರ್ಧ ಗಂಟೆಯಲ್ಲಿ ಕೂಸಿನ ಅಜ್ಜಿ ಬಂದು ನನ್ನ ಕೈ ಹಿಡಿದು ಎಳೆದರು. "ಸಿಸ್ಟರ್, ಕೂಸಿನ ಪಕ್ಕಿ ನೋಡ್ ಬರ್ರಿ, ಒಳಗ ಎಳದಂಗ ಆಗ್ಲಾಕತ್ತದ" ಅಂದರು.

ಅಂಗಿ ಎತ್ತಿ ನೋಡಿದೆ. ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿದೆ. 62. ಮಾನಿಟರ್ ಆಗಲೂ 40ರ ಆಸುಪಾಸಿನಲ್ಲೇ ಇತ್ತು. ಡಾಕ್ಟರನ್ನು ಕರೆದೆವು, ಚಿಕಿತ್ಸೆ ಶುರುವಾಯಿತು, ಕೂಸು ಚೇತರಿಸಿಕೊಂಡಿತು. ಆದರೆ ಆ ಅರ್ಧ ಗಂಟೆ ನನ್ನ ತಪ್ಪು. ಯಂತ್ರ ಹೇಳಿದ್ದನ್ನು ನಾನು ಪರೀಕ್ಷೆ ಮಾಡದೆ ನಂಬಿದ್ದೆ. ಅಜ್ಜಿ ಕೂಸನ್ನು ನೋಡುತ್ತಿದ್ದರು, ನಾನು ಪರದೆ ನೋಡುತ್ತಿದ್ದೆ.

ಕಲಬುರಗಿ, ಬೀದರ್, ಯಾದಗಿರಿಯ ಮಕ್ಕಳ ವಾರ್ಡುಗಳಲ್ಲಿ ಕೆಲಸ ಮಾಡುವ ನರ್ಸ್‌ಗಳಿಗೆ, ಜಿಎನ್‌ಎಂ ಮತ್ತು ಬಿ.ಎಸ್ಸಿ. ನರ್ಸಿಂಗ್ ಓದುತ್ತಿರುವ ಮಕ್ಕಳಿಗೆ ಇದನ್ನು ಬರೆಯುತ್ತಿದ್ದೇನೆ. ಯಂತ್ರಗಳು ಬಂದಿವೆ, ಇನ್ನೂ ಬರುತ್ತವೆ. ಸಂಶೋಧನೆಗಳೂ ಮೊಬೈಲಿನಲ್ಲೇ ಸಿಗುತ್ತವೆ. ಎರಡಕ್ಕೂ ಕೇಳಬೇಕಾದ ಪ್ರಶ್ನೆ ಒಂದೇ: ನನ್ನ ಮುಂದಿರುವ ಈ ಕೂಸಿಗೆ ಇದು ಹೊಂದುತ್ತದೆಯೇ? ಪುರಾವೆ ಆಧಾರಿತ ಶುಶ್ರೂಷೆ ಅಂದರೆ ಮೂರು ಸೇರಬೇಕು: ಒಳ್ಳೆಯ ಸಂಶೋಧನೆ, ನಿಮ್ಮ ಕೈಯ ಅನುಭವ, ಮಗು ಮತ್ತು ಮನೆಯವರ ಪರಿಸ್ಥಿತಿ. ಮೂರರಲ್ಲಿ ಒಂದು ಬಿಟ್ಟರೂ ಆಗೋದಿಲ್ಲ.

ಹೆಜ್ಜೆ 1: ತೂಕ ಸರಿ ಮಾಡಿಕೊಳ್ಳಿ

ಮಕ್ಕಳ ವಾರ್ಡಿನಲ್ಲಿ ಎಲ್ಲ ಲೆಕ್ಕ ತೂಕದಿಂದ ಶುರು. ಔಷಧಿ, ಸಲೈನ್, ಹಾಲು, ರಕ್ತ ಎಲ್ಲವೂ. ತೂಕ ತಪ್ಪಿದರೆ ಮುಂದಿನ ಪ್ರತಿ ಲೆಕ್ಕವೂ ತಪ್ಪು. ಅವಸರದಲ್ಲಿ ನಾವು ಜಾಸ್ತಿ ಕಡೆಗಣಿಸೋದೂ ಇದನ್ನೇ.

ತಕ್ಕಡಿ ಗಟ್ಟಿಯಾದ, ಸಮ ಜಾಗದಲ್ಲಿರಬೇಕು. ಮೇಲೆ ತೆಳುವಾದ ಬಟ್ಟೆ ಹಾಸಿ, ಸೊನ್ನೆ ಮಾಡಿ, ಆಮೇಲೆ ಕೂಸನ್ನು ಮಲಗಿಸಿ. ಬಟ್ಟೆ, ಡೈಪರ್ ತೆಗೆಯಿರಿ. ನಮ್ಮ ಕಡೆ ಇನ್ನೊಂದು ಮಾತು ಇದೆ: ಬೆಳ್ಳಿ ಕಾಲ್ಕಡಗ, ಉಡಿದಾರ, ತಾಯಿತ. ಒಮ್ಮೆ ಒಂದು ಕೂಸಿನ ಕಡಗ, ಉಡಿದಾರ ಬಿಚ್ಚಿ ಬೇರೆ ತೂಗಿದೆವು. 140 ಗ್ರಾಂ ಇತ್ತು! 2 ಕೆ.ಜಿ. ಕೂಸಿಗೆ ಅದು ಶೇ. 7ರಷ್ಟು. ಬಿಚ್ಚಿಸುವಾಗ ಮನೆಯವರಿಗೆ ಯಾಕೆ ಅಂತ ಹೇಳಿ, ತೂಗಿದ ತಕ್ಷಣ ತಾಯಿಯ ಕೈಗೇ ವಾಪಸ್ ಕೊಡಿ. ಬಿಚ್ಚಲು ಒಪ್ಪದಿದ್ದರೆ ಬಲವಂತ ಬೇಡ, "ಕಡಗದೊಂದಿಗೆ" ಅಂತ ತೂಕದ ಪಕ್ಕ ಬರೆಯಿರಿ.

ತಕ್ಕಡಿ ಸರಿ ಇದೆಯೇ ಅಂತ ನೋಡಲು ವಾರಕ್ಕೊಮ್ಮೆ ಮುದ್ರೆ ಇರುವ 1 ಕೆ.ಜಿ. ತೂಕದ ಕಲ್ಲು ಇಟ್ಟು ನೋಡಿ. ತೂಕವನ್ನು ಯಾವಾಗಲೂ ಕೆ.ಜಿ.ಯಲ್ಲೇ ಬರೆಯಿರಿ. ಒಬ್ಬರು ಓದಿ ಹೇಳಲಿ, ಇನ್ನೊಬ್ಬರು ಕಣ್ಣಿಂದ ನೋಡಿ ಬರೆಯಲಿ.

ಇದು ಎಷ್ಟು ಮುಖ್ಯ ಅಂತ ತಿಳಿಯಲು ಪ್ಯಾರಾಸಿಟಮಾಲ್ ತೆಗೆದುಕೊಳ್ಳಿ. 8 ಕೆ.ಜಿ. ಮಗು. ಕೆ.ಜಿ.ಗೆ 15 ಮಿ.ಗ್ರಾಂ. ಲೆಕ್ಕದಲ್ಲಿ ಒಂದು ಸಲಕ್ಕೆ 120 ಮಿ.ಗ್ರಾಂ. ಈಗ ಬಾಟಲಿ ನೋಡಿ. ಡ್ರಾಪ್ಸ್‌ನಲ್ಲಿ 1 ಮಿ.ಲೀ.ಗೆ 100 ಮಿ.ಗ್ರಾಂ. ಇದ್ದರೆ 1.2 ಮಿ.ಲೀ. ಸಾಕು. ಸಿರಪ್‌ನಲ್ಲಿ 5 ಮಿ.ಲೀ.ಗೆ 120 ಮಿ.ಗ್ರಾಂ. ಇದ್ದರೆ 5 ಮಿ.ಲೀ. ಬೇಕು. ಅದೇ ಸಿರಪ್ 5 ಮಿ.ಲೀ.ಗೆ 250 ಮಿ.ಗ್ರಾಂ. ಇದ್ದರೆ 2.4 ಮಿ.ಲೀ. ಮೂರೂ ಬಾಟಲಿಗೆ ಹೆಚ್ಚು ಕಡಿಮೆ ಒಂದೇ ಹೆಸರು, ಒಂದೇ ಬಣ್ಣದ ಡಬ್ಬಿ. ಸಿರಪ್ ಅಂದುಕೊಂಡು ಡ್ರಾಪ್ಸ್ 5 ಮಿ.ಲೀ. ಹಾಕಿದರೆ 500 ಮಿ.ಗ್ರಾಂ. ಹೊಟ್ಟೆಗೆ ಹೋಯಿತು. ನಾಲ್ಕು ಪಟ್ಟು! ಅದಕ್ಕೇ ಡಿಸ್ಚಾರ್ಜ್ ದಿನ "5 ಎಂಎಲ್ ಕೊಡಿ" ಅಂತ ಸುಮ್ನೆ ಹೇಳಿ ಕಳಿಸಬೇಡಿ. ಅವರು ತಂದ ಬಾಟಲಿಯನ್ನೇ ಕೈಗೆ ತಗೊಳ್ಳಿ. ಸಿರಿಂಜಿನ ಮೇಲೆ ಪ್ಲಾಸ್ಟರ್ ಹಚ್ಚಿ ಗೆರೆ ಎಳೆಯಿರಿ. ತಾಯಿ ಒಮ್ಮೆ ನಿಮ್ಮ ಮುಂದೆಯೇ ಎಳೆದು ತೋರಿಸಲಿ.

ಮಗುವನ್ನು ತೂಗಲು ಆಗದ ತುರ್ತಿನಲ್ಲಿ ಉದ್ದ ಅಳೆದು ತೂಕ ಅಂದಾಜು ಮಾಡುವ ಬ್ರೋಸ್‌ಲೋ ಟೇಪ್ ಬಳಸುತ್ತಾರೆ. ಅದು ಅಮೆರಿಕದ ಮಕ್ಕಳನ್ನು ನೋಡಿ ಮಾಡಿದ್ದು. ಮುಂಬೈಯಲ್ಲಿ ಪರೀಕ್ಷಿಸಿದಾಗ 10 ಕೆ.ಜಿ.ಗಿಂತ ಜಾಸ್ತಿ ಇರುವ ನಮ್ಮ ದೇಶದ ಮಕ್ಕಳಿಗೆ ಅದು ನಿಜಕ್ಕಿಂತ ಶೇ. 10ಕ್ಕೂ ಹೆಚ್ಚು ತೂಕ ತೋರಿಸಿತು. ಅಪೌಷ್ಟಿಕತೆ ಜಾಸ್ತಿ ಇರುವ ನಮ್ಮ ಜಿಲ್ಲೆಗಳಲ್ಲಿ ಇನ್ನೂ ಹುಷಾರಾಗಿರಬೇಕು. ಟೇಪ್ ಬಳಸಿದ್ದರೆ ಹಾಗಂತ ಬರೆದಿಡಿ. ಮಗು ಸ್ಥಿರವಾದ ಮೇಲೆ ನಿಜವಾದ ತೂಕ ತಗೊಂಡು ಎಲ್ಲ ಲೆಕ್ಕ ಮತ್ತೆ ಮಾಡಿ.

ಹೆಜ್ಜೆ 2: ಪಲ್ಸ್ ಆಕ್ಸಿಮೀಟರ್ ಜೊತೆ ಸ್ನೇಹ ಬೆಳೆಸಿ

ರಕ್ತದಲ್ಲಿ ಆಮ್ಲಜನಕ ಶೇಕಡಾ ಎಷ್ಟಿದೆ ಅಂತ ತೋರಿಸುವ ಈ ಯಂತ್ರ ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಿದ್ದರೆ ಎಲ್ಲಿ ಮೋಸ ಹೋಗುತ್ತದೆ ಅಂತಲೂ ಗೊತ್ತಾಗುತ್ತದೆ. 1970ರ ದಶಕದಲ್ಲಿ ಜಪಾನಿನ ಎಂಜಿನಿಯರ್ ಟಕುವೊ ಅಯೋಯಗಿ ಕಂಡುಹಿಡಿದ ತತ್ವ ಇದು. ಬೆರಳಿಗೋ ಅಂಗಾಲಿಗೋ ಹಚ್ಚುವ ಪ್ರೋಬ್‌ನ ಒಂದು ಕಡೆ ಎರಡು ಬೆಳಕು. ಒಂದು ಕೆಂಪು, ಇನ್ನೊಂದು ಕಣ್ಣಿಗೆ ಕಾಣದ ಅವಗೆಂಪು. ಆಮ್ಲಜನಕ ಹೊತ್ತ ರಕ್ತ ಒಂದನ್ನು ಜಾಸ್ತಿ ಹೀರುತ್ತದೆ, ಹೊರದ ರಕ್ತ ಇನ್ನೊಂದನ್ನು. ನಾಡಿ ಬಡಿದಾಗೆಲ್ಲ ಬೆಳಕು ಎಷ್ಟು ಬದಲಾಯಿತು ಅಂತ ನೋಡಿ ಯಂತ್ರ ಲೆಕ್ಕ ಹಾಕುತ್ತದೆ. ಅಂದರೆ ನಾಡಿ ಸಿಗದಿದ್ದರೆ ಲೆಕ್ಕವೂ ಇಲ್ಲ.

ಹಚ್ಚುವ ಕ್ರಮ ಹೀಗೆ. ಮೊದಲು ಮಗುವಿನ ಕೈಕಾಲು ಮುಟ್ಟಿ ನೋಡಿ. ತಣ್ಣಗಿದ್ದರೆ ಬೆಚ್ಚಗೆ ಮಾಡಿ. ಉಗುರು ಬಣ್ಣ ಇದ್ದರೆ ಒರೆಸಿ. ಮದುವೆ ಸೀಸನ್‌ನಲ್ಲಿ ಮಕ್ಕಳ ಬೆರಳಿಗೂ ಗಾಢ ಮೆಹಂದಿ ಇರುತ್ತದೆ, ಆಗ ಕಾಲಿನ ಬೆರಳು ಹಿಡಿಯಿರಿ. ಚಿಕ್ಕ ಕೂಸಿಗೆ ಅಂಗಾಲು ಅಥವಾ ಅಂಗೈ ಸುತ್ತುವ ಪ್ರೋಬ್ ಬೇಕು. ದೊಡ್ಡವರ ಕ್ಲಿಪ್ ಕೂಸಿನ ಬೆರಳಿಗೆ ಹಾಕಬೇಡಿ, ಬೆಳಕು ಪಕ್ಕದಿಂದ ಸೋರಿ ತಪ್ಪು ಸಂಖ್ಯೆ ಬರುತ್ತದೆ. ಬೆಳಕು ಮತ್ತು ಅದನ್ನು ಹಿಡಿಯುವ ಕಣ್ಣು ಎದುರುಬದುರು ಇರಲಿ. ಬಿಗಿಯಾಗಿ ಸುತ್ತಬೇಡಿ. ಬಿಪಿ ಪಟ್ಟಿ ಕಟ್ಟಿದ ಕೈಗೆ ಹಚ್ಚಬೇಡಿ. ಕಿಟಕಿಯ ಬಿಸಿಲು ಅಥವಾ ಫೋಟೋಥೆರಪಿ ದೀಪ ಬೀಳುತ್ತಿದ್ದರೆ ಪ್ರೋಬ್ ಮೇಲೆ ಬಟ್ಟೆ ಮುಚ್ಚಿ.

ಹಚ್ಚಿದ ಮೇಲೆ ಸಂಖ್ಯೆ ನೋಡೋದಕ್ಕೆ ಮುಂಚೆ ಪರದೆಯಲ್ಲಿ ನಾಡಿಯ ಅಲೆ ನೋಡಿ. ಅಲೆ ಒಂದೇ ಸಮ ಬರುತ್ತಿದೆಯೇ? ಆಮೇಲೆ ಸ್ಟೆತಸ್ಕೋಪ್ ಇಟ್ಟು ಎದೆಬಡಿತ ಎಣಿಸಿ. ಯಂತ್ರದ ನಾಡಿಯೂ ನಿಮ್ಮ ಎಣಿಕೆಯೂ ಹೊಂದಿದರೆ ಮಾತ್ರ ಆಮ್ಲಜನಕದ ಸಂಖ್ಯೆ ಬರೆಯಿರಿ. ಹೊಂದದಿದ್ದರೆ ಪ್ರೋಬ್ ಜಾಗ ಬದಲಿಸಿ. ಅದೇ ಹೊತ್ತಿಗೆ ಕೂಸಿನ ತುಟಿ, ನಾಲಿಗೆ ಬಣ್ಣ ನೋಡಿ. "ಪ್ರೋಬ್ ಸರಿ ಇಲ್ಲ" ಅಂತ ಅಲಾರಾಂ ಬಂದ್ ಮಾಡಿ ಹೋಗೋದು ನಮ್ಮೆಲ್ಲರ ಕೆಟ್ಟ ಅಭ್ಯಾಸ. ಮಗುವನ್ನು ನೋಡದೆ ಅಲಾರಾಂ ಮುಟ್ಟಬಾರದು ಅಂತ ನಮ್ಮ ವಾರ್ಡಿನಲ್ಲಿ ನಿಯಮ ಮಾಡಿಕೊಂಡಿದ್ದೇವೆ.

ಸಂಖ್ಯೆಯ ಅರ್ಥ: ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 90ಕ್ಕಿಂತ ಕಡಿಮೆ ಇದ್ದರೆ ಆಮ್ಲಜನಕ ಬೇಕು. ಶಾಕ್ (ರಕ್ತ ಸಂಚಾರ ಕುಸಿಯೋದು), ಪ್ರಜ್ಞೆ ತಪ್ಪಿದ್ದು, ಫಿಟ್ಸ್, ತೀವ್ರ ಉಸಿರಾಟದ ತೊಂದರೆಯಂಥ ಅಪಾಯ ಚಿಹ್ನೆ ಇರುವ ಮಗುವಿಗೆ 94ಕ್ಕಿಂತ ಕಡಿಮೆಯಾದರೇ ಕೊಡಬೇಕು. ಬೀದರ್ ಎತ್ತರದ ಊರು ಅಂತ ನಾವು ಹೇಳಿದರೂ ಈ ಲೆಕ್ಕ ಬದಲಾಗುವಷ್ಟು ಎತ್ತರವಲ್ಲ. ಯಂತ್ರದಲ್ಲಿ 2-3 ಅಂಕೆ ಆಚೀಚೆ ಆಗೋದು ಸಹಜ. ಕಪ್ಪು ಚರ್ಮದವರಲ್ಲಿ ನಿಜಕ್ಕಿಂತ ಜಾಸ್ತಿ ತೋರಿಸಬಹುದು ಅಂತ 2020ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ ತೋರಿಸಿದೆ. ಹಾಗಾಗಿ ಪಕ್ಕೆ ಎಳೆಯುತ್ತಿರುವ ಮಗುವಿನಲ್ಲಿ 91 ಬಂದರೆ ನೆಮ್ಮದಿಯಾಗಿ ಕೂರಬೇಡಿ.

ಇನ್ನೊಂದು ಮಾತು ನಮ್ಮ ಭಾಗಕ್ಕೆ ತುಂಬಾ ಬೇಕಾದದ್ದು. ಪಲ್ಸ್ ಆಕ್ಸಿಮೀಟರ್ ರಕ್ತಹೀನತೆಯನ್ನು ಕಾಣೋದಿಲ್ಲ. ಹಿಮೋಗ್ಲೋಬಿನ್ 5 ಇರುವ ಮಗುವಿನಲ್ಲೂ 98 ತೋರಿಸುತ್ತದೆ. ಇರುವ ಗಾಡಿಗಳೆಲ್ಲ ತುಂಬಿವೆ ಅಂತ ಅದು ಹೇಳುತ್ತದೆ ಅಷ್ಟೇ, ಗಾಡಿಗಳೇ ಕಡಿಮೆ ಇವೆ ಅಂತ ಹೇಳೋದಿಲ್ಲ. ಹಿಮೋಗ್ಲೋಬಿನ್ 12 ಇರುವ ರಕ್ತ ಒಯ್ಯುವ ಆಮ್ಲಜನಕದಲ್ಲಿ ಅರ್ಧವೂ ಆ ಮಗುವಿಗೆ ಸಿಗುತ್ತಿಲ್ಲ. ಕಣ್ಣಿನ ಕೆಳರೆಪ್ಪೆ, ಅಂಗೈ ನೋಡಿ. ಬಿಳಿಚಿದ್ದರೆ ಆ 98ರ ಪಕ್ಕ ಅದನ್ನೂ ಬರೆದು ಡಾಕ್ಟರಿಗೆ ತಿಳಿಸಿ.

ಅವಧಿಗೆ ಮುಂಚೆ ಹುಟ್ಟಿದ ಕೂಸುಗಳ ವಿಷಯವೇ ಬೇರೆ. 1940ರ ದಶಕದಲ್ಲಿ ಇಂಥ ಕೂಸುಗಳಿಗೆ ಆಮ್ಲಜನಕ ಧಾರಾಳವಾಗಿ ಕೊಟ್ಟರು. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟರು. ಸಾವಿರಾರು ಮಕ್ಕಳು ಕುರುಡಾದರು. 1950ರ ದಶಕದಲ್ಲಿ ಪ್ರಯೋಗ ಮಾಡಿ ನೋಡಿದಾಗ ಕಾರಣ ಗೊತ್ತಾಯಿತು. ಆಗ ತೀರಾ ಕಡಿಮೆ ಮಾಡಿದರು, ಸಾವು ಹೆಚ್ಚಿತು. ಈಚಿನ ದೊಡ್ಡ ಪ್ರಯೋಗಗಳ ನಂತರ ಆಮ್ಲಜನಕದ ಮೇಲಿರುವ ಅಂಥ ಕೂಸಿಗೆ 90ರಿಂದ 95ರ ನಡುವೆ ಇಡಬೇಕು ಅಂತ ತೀರ್ಮಾನವಾಗಿದೆ. 100 ಬಂದರೆ ಖುಷಿಪಡುವ ಸಂಖ್ಯೆಯಲ್ಲ ಅದು. ಆಮ್ಲಜನಕದ ಮೇಲಿದ್ದಾಗ ಮೇಲಿನ ಅಲಾರಾಂ 95ಕ್ಕೆ ಇಡಿ. ಹೊರಗಿನ ಗಾಳಿಯಲ್ಲೇ 98 ಇದ್ದರೆ ಚಿಂತೆಯಿಲ್ಲ.

ಕಣ್ಣಿನ ತಪಾಸಣೆ ದಿನಾಂಕವನ್ನು ಡಿಸ್ಚಾರ್ಜ್ ಕಾರ್ಡಿನಲ್ಲಿ ದೊಡ್ಡದಾಗಿ ಬರೆಯಿರಿ. 34 ವಾರಕ್ಕೆ ಮುಂಚೆ ಹುಟ್ಟಿದ್ದರೆ ಅಥವಾ 2 ಕೆ.ಜಿ.ಗಿಂತ ಕಡಿಮೆ ಇದ್ದರೆ ಮೊದಲ ತಪಾಸಣೆ ಹುಟ್ಟಿದ 4 ವಾರದೊಳಗೆ ಆಗಬೇಕು, ತೀರಾ ಚಿಕ್ಕ ಕೂಸಿಗೆ ಇನ್ನೂ ಬೇಗ. ನಮ್ಮ ರಾಜ್ಯದಲ್ಲೇ 2008ರಲ್ಲಿ ಶುರುವಾದ ಕಿಡ್‌ರಾಪ್ ಯೋಜನೆಯಲ್ಲಿ ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳಿಗೆ ಹೋಗಿ ಕೂಸಿನ ಕಣ್ಣಿನ ಒಳಪದರದ ಚಿತ್ರ ತೆಗೆದರು. ಬೆಂಗಳೂರಿನಲ್ಲಿ ಕೂತ ತಜ್ಞರು ಅದನ್ನು ನೋಡಿದರು. ತಂತ್ರಜ್ಞರು ಕೊಟ್ಟ ಉತ್ತರ ತಜ್ಞರ ಉತ್ತರಕ್ಕೆ ಹೊಂದುತ್ತದೆಯೇ ಅಂತಲೂ ಅಳೆದು ನೋಡಿದರು. ತಂತ್ರಜ್ಞಾನ ಮತ್ತು ಪುರಾವೆ ಒಟ್ಟಿಗೆ ಹೋಗೋದು ಅಂದರೆ ಇದೇ ಅಲ್ವಾ?

ಹೆಜ್ಜೆ 3: ಉಸಿರು ಕೈಯಲ್ಲೇ ಎಣಿಸಿ

ಮಾನಿಟರ್ ಉಸಿರನ್ನು ಎದೆಗೆ ಹಚ್ಚಿದ ಇಸಿಜಿ ತಂತಿಗಳ ಮೂಲಕ ಅಂದಾಜು ಮಾಡುತ್ತದೆ. ಮಗು ಅತ್ತರೆ, ಹೊರಳಿದರೆ, ಮೇಲುಮೇಲಿನ ಉಸಿರು ತಗೊಂಡರೆ ತಪ್ಪುತ್ತದೆ. ಅದಕ್ಕೇ ಅಂಗಿ ಎತ್ತಿ, ಮಗು ಶಾಂತವಾಗಿದ್ದಾಗ, ಪೂರ್ತಿ 60 ಸೆಕೆಂಡ್ ಎಣಿಸಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಬೇಡಿ. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಜಾಸ್ತಿ, 2ರಿಂದ 11 ತಿಂಗಳವರೆಗೆ 50 ಅಥವಾ ಜಾಸ್ತಿ, 1ರಿಂದ 5 ವರ್ಷದವರೆಗೆ 40 ಅಥವಾ ಜಾಸ್ತಿ ಇದ್ದರೆ ಅದು ವೇಗದ ಉಸಿರಾಟ. ಎರಡು ತಿಂಗಳೊಳಗಿನ ಕೂಸಿನಲ್ಲಿ ಜಾಸ್ತಿ ಬಂದರೆ ಇನ್ನೊಮ್ಮೆ ಎಣಿಸಿ ಖಚಿತ ಮಾಡಿಕೊಳ್ಳಿ. ಪಕ್ಕೆ ಎಳೆತ, ನರಳುವ ಸದ್ದು, ಮೂಗಿನ ಹೊಳ್ಳೆ ಅರಳೋದು ಇವನ್ನು ಯಾವ ಯಂತ್ರವೂ ಹೇಳೋದಿಲ್ಲ.

ಹೆಜ್ಜೆ 4: ಸಲೈನ್ ಮತ್ತು ಪಂಪ್

ದಿನದ ಸಾಮಾನ್ಯ ಸಲೈನ್‌ಗೆ 1957ರಿಂದಲೂ ಬಳಕೆಯಲ್ಲಿರುವ ಲೆಕ್ಕ ಇದೆ. ಮೊದಲ 10 ಕೆ.ಜಿ.ಗೆ ಗಂಟೆಗೆ ಕೆ.ಜಿ.ಗೆ 4 ಮಿ.ಲೀ., ಮುಂದಿನ 10 ಕೆ.ಜಿ.ಗೆ 2, ಅದರ ಮೇಲೆ 1. 12 ಕೆ.ಜಿ. ಮಗುವಿಗೆ 40 ಮತ್ತು 4, ಒಟ್ಟು ಗಂಟೆಗೆ 44 ಮಿ.ಲೀ. ಆದರೆ ನ್ಯುಮೋನಿಯಾ, ಮಿದುಳು ಜ್ವರ, ಅಪೌಷ್ಟಿಕತೆಯಲ್ಲಿ ಡಾಕ್ಟರ್ ಇದನ್ನು ಬದಲಿಸುತ್ತಾರೆ. ಆದೇಶ ಅವರದ್ದು. ಲೆಕ್ಕ ಹೊಂದುತ್ತದೆಯೇ ಅಂತ ನೋಡಿ, ಹೊಂದದಿದ್ದರೆ ಕೇಳೋದು ನಮ್ಮ ಕೆಲಸ.

ಸಲೈನ್ ಅಳೆದು ತಳ್ಳುವ ಪಂಪ್ ಇಲ್ಲದಿದ್ದರೂ ಭಯ ಬೇಡ. ಮೈಕ್ರೋ ಡ್ರಿಪ್ ಸೆಟ್‌ನಲ್ಲಿ 60 ಹನಿಗೆ 1 ಮಿ.ಲೀ. ಆದ್ದರಿಂದ ಗಂಟೆಗೆ ಎಷ್ಟು ಮಿ.ಲೀ.ಯೋ ನಿಮಿಷಕ್ಕೆ ಅಷ್ಟೇ ಹನಿ. 44 ಮಿ.ಲೀ. ಬೇಕೆಂದರೆ 44 ಹನಿ. 20 ಹನಿಗೆ 1 ಮಿ.ಲೀ. ಆಗುವ ದೊಡ್ಡವರ ಸೆಟ್ ಆದರೆ ನಿಮಿಷಕ್ಕೆ 15ರ ಹತ್ತಿರ. ಎರಡೂ ಸೆಟ್ ಒಂದೇ ಕಪಾಟಿನಲ್ಲಿರುತ್ತವೆ. ಕವರ್ ಮೇಲಿನ ಸಂಖ್ಯೆ ಓದದೆ ಹಚ್ಚಬೇಡಿ. ಸೆಟ್ ಅದಲುಬದಲಾದರೆ ಮೂರು ಪಟ್ಟು ಸಲೈನ್ ಹೋಗುತ್ತದೆ. ಇನ್ನೊಂದು ಉಪಾಯ: ನಡುವೆ ಅಳತೆ ಗೆರೆಯ ಡಬ್ಬಿ ಇರುವ ಬ್ಯೂರೆಟ್ ಸೆಟ್‌ನಲ್ಲಿ ಎರಡು ಗಂಟೆಗೆ ಆಗುವಷ್ಟೇ, ಅಂದರೆ ಈ ಮಗುವಿಗೆ 88 ಮಿ.ಲೀ. ಮಾತ್ರ ತುಂಬಿ, ಮೇಲಿನ ಕ್ಲಾಂಪ್ ಮುಚ್ಚಿ. ಹನಿ ಓಡಿಹೋದರೂ ಬಾಟಲಿ ಪೂರ್ತಿ ಹೋಗೋದಿಲ್ಲ.

ಸಿರಿಂಜ್ ಪಂಪ್ ಇದ್ದರೆ ನಾಲ್ಕು ಮಾತು. ನೀವು ಹಾಕಿದ ಸಿರಿಂಜಿನ ಕಂಪನಿ ಮತ್ತು ಅಳತೆಯೇ ಪರದೆಯಲ್ಲೂ ಇರಲಿ, ಇಲ್ಲವಾದರೆ ಲೆಕ್ಕ ತಪ್ಪುತ್ತದೆ. 2.0 ಮತ್ತು 20 ನಡುವಿನ ಚುಕ್ಕಿಯನ್ನು ಇಬ್ಬರು ನೋಡಿ. ಪಂಪನ್ನು ಮಗುವಿನ ಎತ್ತರದಲ್ಲೇ ಇಡಿ, ತೀರಾ ಮೇಲಿಟ್ಟು ಸಿರಿಂಜ್ ಸರಿಯಾಗಿ ಕೂರದಿದ್ದರೆ ಔಷಧಿ ತಾನಾಗಿ ಹರಿದುಹೋಗಬಹುದು. ನಾಲ್ಕನೆಯದು, ಸೂಜಿ ರಕ್ತನಾಳದಿಂದ ಹೊರಬಂದು ಕೈ ಊದಿದರೂ ಪಂಪ್ ತಳ್ಳುತ್ತಲೇ ಇರುತ್ತದೆ. ಗಂಟೆಗೊಮ್ಮೆ ಕ್ಯಾನುಲಾ ಜಾಗ ಮುಟ್ಟಿ ನೋಡಿ, ಇನ್ನೊಂದು ಕೈಗೆ ಹೋಲಿಸಿ. ಕಟ್ಟಿದ ಬ್ಯಾಂಡೇಜಿನಲ್ಲಿ ಜಾಗ ಕಾಣುವಂತೆ ಕಿಟಕಿ ಬಿಡಿ.

ಈಗ ಸಲೈನ್ ಬಗ್ಗೆ ನನ್ನ ಕಣ್ಣು ತೆರೆಸಿದ ಅಧ್ಯಯನದ ಮಾತು. 2011ರಲ್ಲಿ ಪ್ರಕಟವಾದದ್ದು, ಹೆಸರು ಫೀಸ್ಟ್. ಉಗಾಂಡಾ, ಕೀನ್ಯಾ, ಟಾಂಜಾನಿಯಾದ 3,141 ಮಕ್ಕಳು. ತೀವ್ರ ಜ್ವರ, ರಕ್ತ ಸಂಚಾರ ಕುಗ್ಗಿದ ಮಕ್ಕಳು. ಇಂಥವರಿಗೆ ಬೇಗ ಬೇಗ ಸಲೈನ್ ಓಡಿಸಬೇಕು ಅಂತಲೇ ಎಲ್ಲರೂ ಕಲಿತಿದ್ದರು. 48 ಗಂಟೆಯಲ್ಲಿ ಏನಾಯಿತು? ವೇಗವಾಗಿ ಕೊಟ್ಟ ಗುಂಪುಗಳಲ್ಲಿ ಸುಮಾರು ಶೇ. 10.5ರಷ್ಟು ಮಕ್ಕಳು ಸತ್ತರು. ನಿಧಾನವಾಗಿ ಕೊಟ್ಟ ಗುಂಪಿನಲ್ಲಿ ಶೇ. 7.3. ಎಲ್ಲರೂ ಒಳ್ಳೆಯದು ಅಂದುಕೊಂಡಿದ್ದೇ ಕೇಡು ಮಾಡಿತ್ತು.

ಆದರೆ ಇಲ್ಲೇ ನಿಂತರೆ ಇನ್ನೊಂದು ತಪ್ಪಾಗುತ್ತದೆ. ಆ ಅಧ್ಯಯನದಲ್ಲಿ ವಾಂತಿಭೇದಿಯ ಮಕ್ಕಳನ್ನು ಸೇರಿಸಿರಲಿಲ್ಲ. ತೀವ್ರ ಅಪೌಷ್ಟಿಕತೆಯ ಮಕ್ಕಳನ್ನೂ ಸೇರಿಸಿರಲಿಲ್ಲ. ಭೇದಿಯಿಂದ ಕಣ್ಣು ಗುಳಿಬಿದ್ದು, ಚರ್ಮ ಹಿಡಿದೆಳೆದರೆ ನಿಧಾನಕ್ಕೆ ಹಿಂದೆ ಹೋಗುವ, ಕುಡಿಯಲೂ ಆಗದ ಮಗುವಿಗೆ ಸಲೈನ್ ಬೇಗ ಬೇಕೇ ಬೇಕು. ಒಟ್ಟು ಕೆ.ಜಿ.ಗೆ 100 ಮಿ.ಲೀ. ರಿಂಗರ್ ಲ್ಯಾಕ್ಟೇಟ್. ಒಂದು ವರ್ಷದೊಳಗಿನ ಕೂಸಿಗೆ ಮೊದಲ 30 ಮಿ.ಲೀ. ಒಂದು ಗಂಟೆಯಲ್ಲಿ, ಉಳಿದ 70 ಐದು ಗಂಟೆಯಲ್ಲಿ. ದೊಡ್ಡ ಮಕ್ಕಳಿಗೆ 30 ಅರ್ಧ ಗಂಟೆಯಲ್ಲಿ, 70 ಎರಡೂವರೆ ಗಂಟೆಯಲ್ಲಿ. ತೀವ್ರ ಅಪೌಷ್ಟಿಕತೆ ಇದ್ದರೆ ಈ ಲೆಕ್ಕವೂ ನಡೆಯೋದಿಲ್ಲ, ಅವರಿಗೆ ಬೇರೆ ಕ್ರಮ. ಮೂರು ಮಕ್ಕಳು, ಮೂರು ಉತ್ತರ.

ಕುಡಿಯಬಲ್ಲ ಮಗುವಿಗೆ ಓಆರ್‌ಎಸ್ ಸಾಕು. 1971ರಲ್ಲಿ ನಿರಾಶ್ರಿತರ ಶಿಬಿರದಲ್ಲಿ ಸಲೈನ್ ಮುಗಿದಾಗ ಡಾ. ದಿಲೀಪ್ ಮಹಲನಬೀಸ್ ಇದನ್ನೇ ಕುಡಿಸಿ ಕಾಲರಾದಿಂದ ಜನರನ್ನು ಉಳಿಸಿದರು. 20.5 ಗ್ರಾಂ ಪೊಟ್ಟಣಕ್ಕೆ ಪೂರ್ತಿ 1 ಲೀಟರ್ ನೀರು. ಲೋಟಕ್ಕೆ ಚೂರು ಚೂರು ಪುಡಿ ಹಾಕುವ ಅಭ್ಯಾಸ ಬಿಡಿಸಿ, ಮನೆಯವರ ಬಾಟಲಿಯಲ್ಲೇ ಅಳೆದು ತೋರಿಸಿ.

ಹೆಜ್ಜೆ 5: ಅಭ್ಯಾಸವನ್ನು ಪ್ರಶ್ನೆ ಮಾಡಿ

"ಹಿಂದಿನಿಂದಲೂ ಹೀಗೇ ಮಾಡ್ತೀವಿ" ಅನ್ನುವ ಒಂದು ಕೆಲಸ ಹಿಡಿಯಿರಿ. ಜ್ವರ ಬಂದ ಮಗುವಿಗೆ ಒದ್ದೆ ಬಟ್ಟೆ ಒರೆಸೋದು ಹಿಡಿಯೋಣ. ಅದನ್ನು ನಾಲ್ಕು ಭಾಗದ ಪ್ರಶ್ನೆ ಮಾಡಿ. ಯಾವ ಮಕ್ಕಳು? ಏನು ಮಾಡುತ್ತೇವೆ? ಯಾವುದಕ್ಕೆ ಹೋಲಿಸಿ? ಏನು ಫಲ ಬೇಕು? ಆಗ ಹೀಗಾಗುತ್ತದೆ: ಸೋಂಕಿನ ಜ್ವರ ಇರುವ ಐದು ವರ್ಷದೊಳಗಿನ ಮಕ್ಕಳಿಗೆ, ಪ್ಯಾರಾಸಿಟಮಾಲ್ ಜೊತೆ ಮೈ ಒರೆಸೋದು, ಬರೀ ಪ್ಯಾರಾಸಿಟಮಾಲ್‌ಗೆ ಹೋಲಿಸಿದರೆ, ಮಗುವಿಗೆ ಹಿತ ಕೊಡುತ್ತದೆಯೇ?

ಹುಡುಕುವಾಗ ಮೇಲಿಂದ ಕೆಳಗೆ ಇಳಿಯಿರಿ. ಮೊದಲು ಮಾರ್ಗಸೂಚಿಗಳು: ಮಕ್ಕಳ ಆಸ್ಪತ್ರೆ ಚಿಕಿತ್ಸೆಗೆ ವಿಶ್ವ ಆರೋಗ್ಯ ಸಂಸ್ಥೆ ತಂದ ಪಾಕೆಟ್ ಬುಕ್ ಮತ್ತು ಭಾರತೀಯ ಮಕ್ಕಳ ತಜ್ಞರ ಸಂಘದ ಚಿಕಿತ್ಸಾ ಮಾರ್ಗಸೂಚಿಗಳು. ಎರಡೂ ಉಚಿತ. ಆಮೇಲೆ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ತೂಗುವ ಕಾಕ್ರೇನ್ ವಿಮರ್ಶೆಗಳು. ಕೊನೆಗೆ ವೈದ್ಯಕೀಯ ಸಂಶೋಧನೆಗಳ ಜಾಲತಾಣ ಪಬ್‌ಮೆಡ್‌ನಲ್ಲಿ ಬಿಡಿ ಅಧ್ಯಯನಗಳು. ಸರ್ಕಾರಿ ಕಾಲೇಜಿನಲ್ಲಿದ್ದರೆ 2025ರಿಂದ ಜಾರಿಯಾದ ಒಂದು ದೇಶ ಒಂದು ಚಂದಾ ಯೋಜನೆ ನಿಮ್ಮ ಕಾಲೇಜಿಗೆ ಬಂದಿದೆಯೇ ಅಂತ ಲೈಬ್ರರಿಯವರನ್ನು ಕೇಳಿ. ದುಡ್ಡು ಕೊಟ್ಟು ಓದಬೇಕಾದ ಪತ್ರಿಕೆಗಳೂ ಸಿಗುತ್ತವೆ.

ಉತ್ತರ ಏನು ಸಿಗುತ್ತದೆ? ಒರೆಸಿದರೆ ಮೊದಲ ಒಂದು ಗಂಟೆಯಲ್ಲಿ ಕಾವು ಸ್ವಲ್ಪ ಬೇಗ ಇಳಿಯುತ್ತದೆ. ಆದರೆ ನಡುಕ, ಮೈ ಜುಮ್ಮೆನ್ನೋದು ಜಾಸ್ತಿ. ಮಗು ಅಳುತ್ತದೆ. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ನೈಸ್ ಒರೆಸೋದು ಬೇಡ ಅನ್ನುತ್ತದೆ.

ಹಾಗಾದರೆ ಬಿಟ್ಟುಬಿಡೋಣವೇ? ಇಲ್ಲಿ ನಮ್ಮ ಊರಿನ ಬಿಸಿಲು ನಡುವೆ ಬರುತ್ತದೆ. ಲಂಡನ್ನಿನ ವಾರ್ಡಿನಲ್ಲಿ 43 ಡಿಗ್ರಿ ಇರೋದಿಲ್ಲ. ಮೇ ತಿಂಗಳ ಕಲಬುರಗಿಯಲ್ಲಿ ಇರುತ್ತದೆ. ಮಧ್ಯಾಹ್ನ ತಗಡಿನ ಸೂರಿನ ಮನೆಯಿಂದ ಬಂದ ಮಗು, ಮೈ 40ರ ಮೇಲೆ, ಮಂಪರು, ಫಿಟ್ಸ್. ಇದು ಬಿಸಿಲಿನ ಹೊಡೆತ ಇರಬಹುದು. ಇದಕ್ಕೆ ಪ್ಯಾರಾಸಿಟಮಾಲ್ ಕೆಲಸ ಮಾಡೋದಿಲ್ಲ. ತಕ್ಷಣ ಬಟ್ಟೆ ತೆಗೆದು, ನೀರು ಚಿಮುಕಿಸಿ, ಫ್ಯಾನ್ ಹಚ್ಚಿ ತಂಪು ಮಾಡಲೇಬೇಕು, ಜೊತೆಗೇ ಡಾಕ್ಟರನ್ನು ಕರೆಯಬೇಕು. ಮೂರನೆಯದು ಇನ್ನೂ ಸಾಮಾನ್ಯ. ಆ ಸೆಕೆಯಲ್ಲೂ ಕುಲಾಯಿ, ಕುಂಚಿಗೆ, ಮೇಲೊಂದು ಚಾದರ ಸುತ್ತಿಕೊಂಡು ಬಂದ ಕೂಸು. ಮೈ 38. ಹೊದಿಕೆ ಸಡಿಲಿಸಿ, ಹಾಲು ಕುಡಿಸಿ, ಅರ್ಧ ಗಂಟೆ ಬಿಟ್ಟು ಮತ್ತೆ ಕಂಕುಳಲ್ಲಿ ನೋಡಿ. ಕೂಸು ಮಂಕಾಗಿದ್ದರೆ, ಹಾಲು ಬಿಟ್ಟಿದ್ದರೆ ಅರ್ಧ ಗಂಟೆ ಕಾಯಬೇಡಿ. ಎರಡು ತಿಂಗಳೊಳಗಿನ ಕೂಸಾದರೆ ಕಾವು ಇಳಿದರೂ ಡಾಕ್ಟರಿಗೆ ತೋರಿಸದೆ ಮನೆಗೆ ಕಳಿಸಬೇಡಿ.

ಯಾವ ಅಧ್ಯಯನ ಓದಿದರೂ ಇಷ್ಟು ಕೇಳಿ: ಎಂಥ ಮಕ್ಕಳು, ಎಷ್ಟು ಜನ, ಗುಂಪು ಮಾಡಿದ್ದು ಚೀಟಿ ಎತ್ತಿದ ಹಾಗೆಯೋ ಇಲ್ಲವೋ, ಅಳೆದದ್ದು ಜೀವವನ್ನೋ ಬರೀ ಒಂದು ಸಂಖ್ಯೆಯನ್ನೋ, ಯಾರನ್ನು ಹೊರಗಿಟ್ಟರು. ಕೊನೆಯ ಪ್ರಶ್ನೆಯನ್ನು ಜಾಸ್ತಿ ಜನ ಬಿಡುತ್ತಾರೆ. ಫೀಸ್ಟ್ ನೋಡಿದಿರಲ್ಲ, ಎಲ್ಲ ಅದರಲ್ಲೇ ಇರುತ್ತದೆ.

ಹೆಜ್ಜೆ 6: ಯಂತ್ರಕ್ಕೂ ಶುಶ್ರೂಷೆ ಬೇಕು

ವಾಡಿ, ಸೇಡಂ, ಶಹಾಬಾದ್ ಕಡೆ ಕೆಲಸ ಮಾಡುವವರಿಗೆ ಧೂಳಿನ ಬಗ್ಗೆ ನಾನು ಹೇಳಬೇಕಿಲ್ಲ. ಆಕ್ಸಿಜನ್ ಕಾನ್ಸಂಟ್ರೇಟರ್ ಹೊರಗಿನ ಗಾಳಿ ಎಳೆದು ಅದರಿಂದ ಸಾರಜನಕ ಬೇರೆ ಮಾಡುತ್ತದೆ. ಫಿಲ್ಟರ್ ಕಟ್ಟಿದರೆ ಆಮ್ಲಜನಕದ ಶುದ್ಧತೆ ಬೀಳುತ್ತದೆ, ನೀರಿನಲ್ಲಿ ಗುಳ್ಳೆ ಮಾತ್ರ ಬರುತ್ತಲೇ ಇರುತ್ತದೆ. ವಾರಕ್ಕೊಮ್ಮೆ, ಧೂಳು ಜಾಸ್ತಿ ಇದ್ದರೆ ಎರಡು ಸಲ, ಹೊರಗಿನ ಫಿಲ್ಟರ್ ಸೋಪಿನ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಿ. ಯಂತ್ರವನ್ನು ಗೋಡೆಗೆ ಒತ್ತಿ ಇಡಬೇಡಿ. ಕರೆಂಟ್ ಹೋದರೆ ಯಾವ ಮಗುವಿಗೆ ಯಾವ ಸಿಲಿಂಡರ್ ಅಂತ ಪಾಳಿ ಶುರುವಿನಲ್ಲೇ ನಿರ್ಧರಿಸಿ, ಕೀಲಿ ಸಮೇತ ಪಕ್ಕಕ್ಕಿಡಿ. ಸಿರಿಂಜ್ ಪಂಪ್‌ಗಳನ್ನು ಬಳಸದಿದ್ದಾಗಲೂ ಚಾರ್ಜ್‌ಗೆ ಹಾಕಿಡಿ.

ಹೆಜ್ಜೆ 7: ಒಂದು ವಾರ್ಡ್, ಒಂದು ಬದಲಾವಣೆ

ಎಲ್ಲವನ್ನೂ ಒಟ್ಟಿಗೆ ಬದಲಿಸಲು ಹೋಗಬೇಡಿ. ಒಂದು ಕೆಲಸ ಆರಿಸಿ. ನಾನು ಹೇಳೋದಾದರೆ ಕಾಂಗರೂ ಆರೈಕೆಯಿಂದ, ಅಂದರೆ ಕಡಿಮೆ ತೂಕದ ಕೂಸನ್ನು ತಾಯಿಯ ಬರೀ ಎದೆಗೆ ತಾಗಿಸಿ ಇಡೋದರಿಂದ, ಶುರು ಮಾಡಿ. ಇದು 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಬಂದಾಗ ಹುಟ್ಟಿದ ಕ್ರಮ. ಬಹಳ ವರ್ಷ ಇದನ್ನು ಬಡವರ ಉಪಾಯ ಅಂತಲೇ ನೋಡಿದರು. ಕೂಸು ಕಾವು ಕೊಡುವ ವಾರ್ಮರ್‌ನಲ್ಲಿ ಸ್ಥಿರವಾದ ಮೇಲೆ ಮಾತ್ರ ತಾಯಿಗೆ ಕೊಡುತ್ತಿದ್ದರು. 2021ರಲ್ಲಿ ಬಂದ ಅಧ್ಯಯನ ಇದನ್ನೇ ಪರೀಕ್ಷೆ ಮಾಡಿತು. ಭಾರತವೂ ಸೇರಿ ಐದು ದೇಶ, 3,211 ಕೂಸುಗಳು, ತೂಕ 1ರಿಂದ 1.8 ಕೆ.ಜಿ.ಯೊಳಗೆ. ಹುಟ್ಟಿದ ಕೂಡಲೇ ತಾಯಿಯ ಎದೆಗೆ ಹಾಕಿದ ಗುಂಪಿನಲ್ಲಿ 28 ದಿನದೊಳಗೆ ಶೇ. 12 ಕೂಸುಗಳು ತೀರಿಕೊಂಡವು. ಸ್ಥಿರವಾಗುವವರೆಗೆ ಕಾದ ಗುಂಪಿನಲ್ಲಿ ಶೇ. 15.7. ಅಂದರೆ ಸುಮಾರು 27 ಕೂಸುಗಳಿಗೆ ಹೀಗೆ ಮಾಡಿದರೆ ಒಂದು ಜೀವ ಉಳಿಯುತ್ತದೆ. 2022ರಿಂದ ವಿಶ್ವ ಆರೋಗ್ಯ ಸಂಸ್ಥೆ ಹುಟ್ಟಿದ ಕೂಡಲೇ ಶುರು ಮಾಡಿ, ದಿನಕ್ಕೆ 8ರಿಂದ 24 ಗಂಟೆ ಮಾಡಿ ಅನ್ನುತ್ತಿದೆ. ತಾನಾಗಿ ಉಸಿರಾಡಲು ಆಗದ, ಶಾಕ್‌ನಲ್ಲಿರುವ ಕೂಸುಗಳಿಗೆ ಮಾತ್ರ ಮೊದಲು ಚಿಕಿತ್ಸೆ.

ಮಾಡುವ ವಿಧಾನ ಸರಳ. ತಾಯಿ ಸ್ವಲ್ಪ ಒರಗಿ ಕೂರಲಿ. ಕೂಸಿಗೆ ಡೈಪರ್, ಟೋಪಿ, ಕಾಲುಚೀಲ ಮಾತ್ರ. ಎದೆಗೆ ಎದೆ ತಾಗುವಂತೆ ನೆಟ್ಟಗೆ ಹಿಡಿದು, ಕಾಲುಗಳನ್ನು ಕಪ್ಪೆಯಂತೆ ಮಡಿಸಿ. ತಲೆ ಒಂದು ಪಕ್ಕಕ್ಕೆ, ಕತ್ತು ತುಸು ಮೇಲೆ, ಮೂಗು ಬಾಯಿ ಎರಡೂ ಕಾಣುವಂತೆ ಇರಲಿ. ಹಳೆಯ ಹತ್ತಿ ಸೀರೆ ಮಡಚಿ ಕೂಸಿನ ಕಿವಿಯ ಕೆಳಭಾಗದವರೆಗೆ ಕಟ್ಟಿ. ಪ್ರೋಬ್ ಕಾಲಲ್ಲೇ ಇರಲಿ, ಅಲಾರಾಂ ಕೇಳುತ್ತಿರಲಿ. ಕಂಕುಳ ಕಾವು 36.5ರಿಂದ 37.5. ಬೇಸಿಗೆಯಲ್ಲಿ ಮೇಲೆ ಉಣ್ಣೆ ಹೊದಿಸಬೇಡಿ. ತಾಯಿಗೆ ಸಿಸೇರಿಯನ್ ಆಗಿದ್ದರೆ ಅಪ್ಪ, ಅಜ್ಜಿ, ಚಿಕ್ಕಮ್ಮ ಯಾರಾದರೂ ಆದೀತು. "ನಮ್ ಕೂಸು ಪೆಟ್ಟಿಗ್ಯಾಗೇ ಇರ್ಲಿ ಸಿಸ್ಟರ್, ಥಂಡಿ ಆಗ್ತದ" ಅಂತ ಹೇಳಿದ ಅಜ್ಜಿಗೆ ನಾನು ವಾದ ಮಾಡಲಿಲ್ಲ. ಥರ್ಮಾಮೀಟರ್ ಅವರ ಕೈಗೇ ಕೊಟ್ಟೆ. ಎದೆಗೆ ಹಾಕುವ ಮೊದಲು 36.2 ಇತ್ತು. ಒಂದು ಗಂಟೆಯ ಮೇಲೆ 36.8. ಮರುದಿನ ಸೊಸೆ ಮಲಗಿದಾಗ ಕೂಸನ್ನು ಅವರೇ ಎದೆಗೆ ಕಟ್ಟಿಕೊಂಡು ಕೂತಿದ್ದರು.

ಶುರು ಮಾಡುವ ಮೊದಲು ಎರಡು ವಾರ ಸುಮ್ನೆ ಅಳೆಯಿರಿ. ಪ್ರತಿ ಹಾಸಿಗೆಗೆ ಒಂದು ಹಾಳೆ, 24 ಮನೆ. ಕೂಸು ಎದೆಯ ಮೇಲಿದ್ದ ಗಂಟೆಗೆ ತಾಯಿಯೇ ಗೀಟು ಹಾಕಲಿ. ಓದು ಬರದವರೂ ಗೀಟು ಹಾಕುತ್ತಾರೆ. ನಮ್ಮಲ್ಲಿ ಮೊದಲು ನೋಡಿದಾಗ ದಿನಕ್ಕೆ ಎರಡು ಗಂಟೆಯೂ ಆಗುತ್ತಿರಲಿಲ್ಲ. ತಾಯಂದಿರಿಗೆ ಮನಸ್ಸಿಲ್ಲ ಅಂದುಕೊಂಡಿದ್ದೆವು. ಕೇಳಿದಾಗ ಬೇರೆಯೇ ತಿಳಿಯಿತು. ಒರಗಿ ಕೂರುವ ಕುರ್ಚಿ ಇರಲಿಲ್ಲ. ಗಂಡಸರು ಓಡಾಡುವ ಜಾಗದಲ್ಲಿ ಪರದೆ ಇರಲಿಲ್ಲ. ರೌಂಡ್ಸ್ ಹೊತ್ತಿಗೆ ನಾವೇ ಅವರನ್ನು ಹೊರಗೆ ಕಳಿಸುತ್ತಿದ್ದೆವು. ಡಾಕ್ಟರ್ ಮುಂದೆ ಆ ಹಾಳೆಗಳನ್ನೇ ಇಟ್ಟೆವು. ಮೊದಲು ರೌಂಡ್ಸ್ ನಿಯಮ ಬದಲಾಯಿತು, ಆಮೇಲೆ ಪರದೆ ಬಂತು, ಕುರ್ಚಿಗೆ ಎರಡು ತಿಂಗಳು ಹಿಡಿಯಿತು.

ನೀವೂ ಬದಲಾವಣೆ ಮಾಡಿದ ಎರಡು ವಾರಕ್ಕೆ ಮತ್ತೆ ಅಳೆಯಿರಿ. ಗೀಟು ಹೆಚ್ಚದಿದ್ದರೆ ತಾಯಂದಿರನ್ನೇ ಮತ್ತೆ ಕೇಳಿ. ಹೆಚ್ಚಿದ್ದರೂ ಮೂರು ತಿಂಗಳ ನಂತರದ ಒಂದು ದಿನಾಂಕವನ್ನು ಡ್ಯೂಟಿ ರೂಮಿನ ಬೋರ್ಡಿನಲ್ಲಿ ಬರೆದಿಡಿ. ಅಷ್ಟರಲ್ಲಿ ಹೊಸ ಬ್ಯಾಚ್ ಬಂದಿರುತ್ತದೆ, ಅರ್ಧ ಸಿಬ್ಬಂದಿ ಬೇರೆ ವಾರ್ಡಿಗೆ ಹೋಗಿರುತ್ತಾರೆ. ಆ ದಿನ ಹಾಳೆಗಳನ್ನು ಮತ್ತೆ ಎಣಿಸಿ.